ನಿದ್ದೆ ಅಕ್ಕನ ಕಲಾ ಚರಿತ್ರೆ

"ನಿದ್ದೆ ಅಕ್ಕ, ಏಳಿ, ಲೈಟ್ ಹಾಕಿದ್ರು" ಎಂದು ಪಕ್ಕದ ಹುಡುಗಿ ಮೊಣಕೈಯಿಂದ ತಿವಿದಾಗ ಅವಳು ಬೆಚ್ಚಿ ಕಣ್ಣುಬಿಟ್ಟಳು. ಅಷ್ಟರಲ್ಲಿ ಒಂದು ಶತಮಾನ ಮುಗಿದುಹೋಗಿತ್ತು. ಕಣ್ಣು ಮುಚ್ಚುವಾಗ ಪರದೆಯ ಮೇಲೆ ರಾಜರಾಣಿಯರು ರೇಷ್ಮೆ ಉಟ್ಟು ಕೂತಿದ್ದರು. ಈಗ ನೋಡಿದರೆ ಬರೀ ಹುಲ್ಲು, ಅದರ ಮೇಲೆ ಸಂಜೆ ಬಿಸಿಲು. ನಡುವೆ ಏನಾಯಿತು, ರಾಜರು ಎಲ್ಲಿಗೆ ಹೋದರು, ದೇವರೇ ಬಲ್ಲ.

ತರಗತಿಗೆಲ್ಲ ಅವಳೇ ಹಿರಿಯಳು. ಹಗಲಿಡೀ ಫೋಟೋ ಸ್ಟುಡಿಯೋದ ಕಂಪ್ಯೂಟರ್ ಮುಂದೆ ಕೂತು ಊರವರ ಮುಖ ತಿದ್ದಿ, ಸಂಜೆ ಇಲ್ಲಿಗೆ ಬಂದು ಕೂರುವವಳು. ಕಲಾ ಚರಿತ್ರೆಯ ಪಾಠವೆಂದರೆ ಚಿತ್ರ ತೋರಿಸಲು ಲೈಟ್ ಆರಿಸಲೇಬೇಕು. ದಣಿದ ಜೀವವನ್ನು ಕತ್ತಲೆಯಲ್ಲಿ ಕೂರಿಸಿ, ಫ್ಯಾನ್ ಹಾಕಿ, ಮೆಲುದನಿಯಲ್ಲಿ ಮಾತಾಡಿದರೆ ಇನ್ನೇನಾದೀತು? ಹೀಗಾಗಿ ಅವಳು ಕಲಿತ ಚರಿತ್ರೆಯಲ್ಲಿ ಅಲ್ಲಲ್ಲಿ ದೊಡ್ಡ ದೊಡ್ಡ ತೂತುಗಳಿದ್ದವು. ಗುಹೆಗಳಲ್ಲಿ ಎಚ್ಚರವಾಗಿದ್ದಳು, ಆಫ್ರಿಕಾದ ಮುಖವಾಡಗಳಲ್ಲಿ ಎಚ್ಚರವಾಗಿದ್ದಳು, ಚೀನಾದ ಮಸಿಚಿತ್ರ ಅರ್ಧ ಗೊತ್ತು. ಆಮೇಲೆ ಒಮ್ಮೆಲೇ, ಮುಖಗಳನ್ನು ಒಡೆದು ಚೂರು ಜೋಡಿಸುವ ಕ್ಯೂಬಿಸಂ.

ಮೇಡಂ ಅವಳನ್ನು ಬಾಗಿಲ ಬಳಿ ತಡೆದು ನಿಲ್ಲಿಸಿದರು. "ಮ್ಯೂಸಿಯಂನ ಫೋಟೋ ವಿಭಾಗಕ್ಕೆ ಒಬ್ಬರು ಬೇಕಂತೆ. ನಮ್ಮ ತರಗತಿಯಿಂದ ಒಂದು ಹೆಸರು ಕೊಡಿ ಅಂದಿದ್ದಾರೆ. ನಿಮ್ಮದೇ ಕೊಡೋಣ ಅಂತಿದೀನಿ."

"ನನ್ನದಾ ಮೇಡಂ?"

"ಹೂಂ. ಆದ್ರೆ ಶುಕ್ರವಾರ ಎಲ್ಲರೂ ಒಂದೊಂದು ಚಿತ್ರ ಇಟ್ಕೊಂಡು ಈ ವರ್ಷ ಏನು ಕಲಿತ್ರಿ ಅಂತ ಮಾತಾಡಬೇಕಲ್ಲ, ಅದಕ್ಕೆ ಮ್ಯೂಸಿಯಂನೋರೂ ಬಂದು ಕೂರ್ತಾರೆ. ಚೆನ್ನಾಗಿ ಮಾತಾಡಿ. ಮತ್ತೆ... ದಯವಿಟ್ಟು ಎದ್ದಿರಿ."

ಮನೆಗೆ ಬಂದು ಹೇಳಿದರೆ ಅಮ್ಮ ಬಟ್ಟೆ ಮಡಚುತ್ತಲೇ ಅಂದಳು: "ಮೂಗಿಗಿಂತ ಮೂಗುತಿ ಭಾರ ಆಯ್ತು ಕಣೇ ನಿನ್ನ ಓದು. ಕನ್ನಡಿ ನೋಡ್ಕೊಂಡಿದೀಯಾ? ಕಣ್ಣು ಹೇಗೆ ಗುಳಿ ಬಿದ್ದಿದೆ." ಇನ್ನೊಂದು ಬಟ್ಟೆ ಕೈಗೆತ್ತಿಕೊಂಡು, "ಅಲ್ಲಿ ಕೆಲಸ ಎಷ್ಟು ಗಂಟೆಗೆ ಮುಗಿಯತ್ತಂತೆ?" ಎಂದು ಮೆಲ್ಲಗೆ ಕೇಳಿದಳು.

"ಐದಕ್ಕೆ."

"ಐದಕ್ಕಾ!" ಎಂದು ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಿಲಿಗೆ ಇಟ್ಟುಕೊಂಡಳು.

ಐದಕ್ಕೆ ಕೆಲಸ ಮುಗಿಯುವುದು ಹಾಗಿರಲಿ, ಅವಳಿಗೆ ಬೇಕಾದದ್ದು ಇನ್ನೊಂದಿತ್ತು. ಮುಖ ಒರೆಸಿ ಒರೆಸಿ ಅವಳಿಗೆ ಸಾಕಾಗಿಹೋಗಿತ್ತು. ಸ್ಟುಡಿಯೋ ಯಜಮಾನನದು ಒಂದೇ ಮಂತ್ರ: "ಗಿರಾಕಿ ಕನ್ನಡಿ ನೋಡೋಕೆ ಬರಲ್ಲ ಕಣಮ್ಮ, ಫೋಟೋ ನೋಡೋಕೆ ಬರ್ತಾನೆ." ಮದುಮಗಳ ಮೊಡವೆ, ನಿವೃತ್ತರಾದವರ ಸುಕ್ಕು, ತೀರಿಹೋದವರ ಕಣ್ಣಡಿಯ ಕಪ್ಪು, ಎಲ್ಲವೂ ಅವಳ ಕೈಯಲ್ಲಿ ಅಳಿಸಿಹೋಗುತ್ತಿದ್ದವು. ಹಳೇ ಫೋಟೋದಲ್ಲಿ ಗೆದ್ದಲು ತಿಂದ ಕಿವಿಗೆ ಹೊಸ ಕಿವಿ ಕೂರಿಸುತ್ತಿದ್ದಳು, ಹರಿದ ತುಟಿಯನ್ನು ಕೂಡಿಸುತ್ತಿದ್ದಳು. ಈಗೀಗ ಕಣ್ಣು ಬೇಕಿರಲಿಲ್ಲ, ಕೈಯೇ ಮಾಡುತ್ತಿತ್ತು. ಬಸ್ಸಿನಲ್ಲಿ ಎದುರು ಕೂತವರ ಮುಖದ ಮಚ್ಚೆ ಕಂಡರೂ ಅವಳ ತೋರುಬೆರಳು ತಾನಾಗಿ ಅಲುಗುತ್ತಿತ್ತು.

ಶುಕ್ರವಾರಕ್ಕೆಂದು ಅವಳು ಆರಿಸಿಕೊಂಡದ್ದು ಮೂಗು ಒಡೆದುಹೋದ ಒಬ್ಬ ಕಲ್ಲಿನ ಹೆಂಗಸನ್ನು. ಕೆತ್ತಿದವನ ಹೆಸರಿಲ್ಲ, ಕೆತ್ತಿಸಿಕೊಂಡವಳ ಹೆಸರೂ ಇಲ್ಲ. ಪಾಠದ ದಿನ ಅವಳನ್ನು ಪರದೆಯ ಮೇಲೆ ಕಂಡಾಗ ನಿದ್ದೆ ಹಾರಿಹೋಗಿತ್ತು. ಮೂಗಿಲ್ಲದಿದ್ದರೂ ಆ ಮುಖಕ್ಕೆ ಎಂಥ ಗತ್ತು! ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಸ್ಟುಡಿಯೋ ಕಂಪ್ಯೂಟರಿನಲ್ಲೇ ಚಿತ್ರವನ್ನು ತೆರೆದಳು. ಹಿನ್ನೆಲೆಯಲ್ಲಿ ಧೂಳಿನಂಥ ನಾಲ್ಕು ಚುಕ್ಕೆಗಳಿದ್ದವು. ಅವನ್ನಷ್ಟು ತೆಗೆಯೋಣವೆಂದು ಶುರುಮಾಡುವಾಗ ಅಮ್ಮನ ಫೋನು ಬಂತು. ನಲ್ಲಿಯಲ್ಲಿ ನೀರು ನಿಂತಿದೆ, ಮೇಲಿನ ಮನೆಯವಳು ಜಗಳಕ್ಕೆ ಬಂದಿದ್ದಳು, ಮಾತ್ರೆ ಮುಗಿದಿದೆ. ಅವಳು ಫೋನನ್ನು ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು "ಹೂಂ ಅಮ್ಮ, ತರ್ತೀನಿ ಅಮ್ಮ" ಎನ್ನುತ್ತ, ಕಿಟಕಿಯಾಚೆ ನೋಡುತ್ತ, ಅರೆಗಣ್ಣಿನಲ್ಲಿ ಕೈ ಆಡಿಸುತ್ತಲೇ ಇದ್ದಳು. ಮಾತು ಮುಗಿಯುವಷ್ಟರಲ್ಲಿ ಗಿರಾಕಿ ಬಂದ. ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿ, ಒಂದು ಪ್ರಿಂಟ್ ತೆಗೆದು, ಮಗುಚಿ ಚೀಲಕ್ಕೆ ಸೇರಿಸಿದಳು.

ಶುಕ್ರವಾರ ಮುಂದಿನ ಸಾಲಿನಲ್ಲಿ ಮ್ಯೂಸಿಯಂನ ಇಬ್ಬರು ಕೂತಿದ್ದರು. ಅವಳು ಪರದೆಗೆ ಬೆನ್ನು ಹಾಕಿ ನಿಂತಳು.

"ನಾನು ತುಂಬಾ ಪಾಠ ನಿದ್ದೆಯಲ್ಲೇ ಕಳೆದಿದೀನಿ, ಎಲ್ಲರಿಗೂ ಗೊತ್ತು," ಎಂದಳು. ಹುಡುಗರು ನಕ್ಕರು. "ಎಚ್ಚರ ಇದ್ದಾಗ ಕಂಡಿದ್ದು ಇಷ್ಟು. ಒಂದು ಕಡೆ ಮುಖವಾಡಕ್ಕೆ ಕಣ್ಣು ಇರೋ ಜಾಗದಲ್ಲಿ ಬರೀ ಗೀಟು ಹಾಕ್ತಾರೆ. ಇನ್ನೊಂದು ಕಡೆ ಅರ್ಧ ಹಾಳೆ ಖಾಲಿ ಬಿಟ್ಟು, ಅದೇ ಮಂಜು, ಅದೇ ನೀರು ಅಂತಾರೆ. ಆಮೇಲೆ ಬಂದೋರು ಮುಖಾನೇ ಒಡೆದು ಚೂರು ಚೂರು ಮಾಡಿಟ್ರು. ಎಲ್ಲರೂ ಏನಾದ್ರೂ ಬಿಟ್ಟಿದ್ದಾರೆ. ನಾನೋ, ಹೊಟ್ಟೆಪಾಡಿಗೆ ಬಿಟ್ಟಿದ್ದನ್ನೆಲ್ಲ ತುಂಬಿಸ್ತೀನಿ. ಇಲ್ಲಿ ಬಂದ ಮೇಲೆ ನನಗೆ ನಾಚಿಕೆ ಆಗೋಕೆ ಶುರುವಾಯ್ತು."

ಮೇಡಂ ಮ್ಯೂಸಿಯಂನವರ ಕಡೆ ನೋಡಿ ಕಣ್ಣಲ್ಲೇ ನಕ್ಕರು. ಅವಳಿಗೆ ಧೈರ್ಯ ಬಂತು, ಬಟನ್ ಒತ್ತಿದಳು.

"ಇವಳನ್ನ ನೋಡಿ. ಮೂಗು ಒಡೆದುಹೋಗಿ ಎಷ್ಟು ಕಾಲ ಆಯ್ತೋ. ಆದ್ರೂ ಯಾರೂ ಹೊಸ ಮೂಗು ಅಂಟಿಸೋಕೆ ಹೋಗಿಲ್ಲ."

ಹಿಂದಿನ ಸಾಲಿನಿಂದ ಒಂದು ನಗು ಕಿಸಕ್ಕೆಂದಿತು. ಆಮೇಲೆ ಇಡೀ ತರಗತಿ ಘೊಳ್ಳೆಂದಿತು. "ಅಕ್ಕ ಚರಿತ್ರೆಯೊಳಗೇ ಮೂಗು ತೂರಿಸಿಬಿಟ್ರು!" ಎಂದು ಯಾರೋ ಕೂಗಿದರು. ಅವಳು ತಿರುಗಿ ನೋಡಿದಳು. ಕಲ್ಲಿನ ಹೆಂಗಸಿನ ಮುಖದ ನಡುವೆ ಲಕ್ಷಣವಾದ ಮೂಗೊಂದು ಕೂತಿತ್ತು. ಹೊಳ್ಳೆ, ತುದಿ, ನೆರಳು, ಒಂದಕ್ಕೂ ಕೊರತೆಯಿಲ್ಲ. ಎಲ್ಲಿ ಕಲ್ಲು ಮುಗಿದು ಎಲ್ಲಿ ತನ್ನ ಕೈಕೆಲಸ ಶುರುವಾಗಿದೆ ಎಂದು ಅವಳಿಗೇ ತಿಳಿಯಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮೇಡಂ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಇಂಟರ್ನೆಟ್ಟಿನಲ್ಲಿ ಸಿಕ್ಕ ಚಿತ್ರವೇ ಹೀಗಿತ್ತೇನೋ, ಅಲ್ವಾ?" ಎಂದರು. ದನಿಯಲ್ಲಿ ಕೋರಿಕೆಯಿತ್ತು. ಹೂಂ ಅಂದರೆ ಸಾಕಿತ್ತು.

ಆದರೆ ಸುಳ್ಳು ಹೇಳಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅವಳಲ್ಲಿ ಅದು ಉಳಿದಿರಲಿಲ್ಲ. "ಇಲ್ಲ ಮೇಡಂ, ನಾನೇ ಹಾಕಿದ್ದು. ಹಾಕಿದ್ದು ನನಗೇ ಗೊತ್ತಾಗ್ಲಿಲ್ಲ," ಎಂದಳು.

ಮ್ಯೂಸಿಯಂನ ಹಿರಿಯರು ಕನ್ನಡಕ ಸರಿಮಾಡಿಕೊಂಡು, "ಕೆಲಸ ಅಚ್ಚುಕಟ್ಟಾಗಿದೆ," ಎಂದರು. ಕುಹಕವಿರಲಿಲ್ಲ. "ಆದ್ರೆ ನಮ್ಮಲ್ಲಿ ಇರೋದೆಲ್ಲ ಒಡೆದಿರೋದೇ ನೋಡಿ ತಾಯಿ. ಇದ್ದಿದ್ದನ್ನ ಇದ್ದಹಾಗೆ ತೆಗೆಯೋರು ಬೇಕು." ಕೊನೆಗೆ ಕಿಟಕಿ ಪಕ್ಕದ ಹುಡುಗನ ಹೆಸರು ಹೋಯಿತು. ಒಳ್ಳೆಯ ಹುಡುಗ, ಒಂದು ಪಾಠಕ್ಕೂ ತೂಕಡಿಸಿದವನಲ್ಲ.

ಮನೆಯಲ್ಲಿ ಅಮ್ಮ ಬಾಗಿಲು ತೆಗೆದವಳೇ ಮುಖ ನೋಡಿದಳು. ಊಟಕ್ಕೆ ಬಡಿಸಿ, ಅವಳು ಉಂಡ ಮೇಲೆ, "ಹೋಗ್ಲಿ ಬಿಡು," ಎಂದಳಷ್ಟೆ.

"ನನ್ನ ಕೈ ಕೆಟ್ಟುಹೋಗಿದೆ ಅಮ್ಮ. ಒಂದು ಮುಖಾನೂ ಸುಮ್ಮನೆ ಬಿಡಲ್ಲ," ಎನ್ನುತ್ತ ಚೀಲದಿಂದ ಪ್ರಿಂಟ್ ತೆಗೆಯುವಾಗ ಅವಳಿಗೆ ಅಳು ಬಂತು. ಕೆಲಸ ಕೈತಪ್ಪಿದ್ದಕ್ಕಿಂತ ಆ ಕಲ್ಲಿನ ಹೆಂಗಸಿಗೆ ಹಾಗೆ ಮಾಡಿದ್ದೇ ಹೆಚ್ಚು ನೋಯುತ್ತಿತ್ತು.

"ಎಲ್ಲಿ, ಕೊಡು ನೋಡೋಣ." ಅಮ್ಮ ಕನ್ನಡಕ ಹಾಕಿಕೊಂಡು ಪ್ರಿಂಟನ್ನು ದೀಪಕ್ಕೆ ಹಿಡಿದಳು. ಬಹಳ ಹೊತ್ತು ನೋಡಿದಳು. "ಚೆನ್ನಾಗೇ ಇದಾಳಲ್ಲೇ. ಎಲ್ಲೋ ನೋಡಿದ ಹಾಗಿದೆ. ನನ್ನ ತಂಗಿ, ನಿನ್ನ ಚಿಕ್ಕಮ್ಮನ ಕಳೆ ಇದೆ, ಅಲ್ವಾ?"

"ಚಿಕ್ಕಮ್ಮಂದಾ?" ಎಂದು ಅವಳು ತಲೆಯೆತ್ತಿದಳು.

ಅಮ್ಮನ ಕನ್ನಡಕ ಎಂದಿನಂತೆ ಜಾರಿ, ಮೂಗಿನ ನಡುವಿನ ಸಣ್ಣ ದಿಬ್ಬಕ್ಕೆ ಬಂದು ತಡೆದು ನಿಂತಿತ್ತು. ಅಲ್ಲಿಂದ ಕೆಳಗೆ ಮೂಗು ಇಷ್ಟೇ ಇಷ್ಟು ಎಡಕ್ಕೆ ವಾಲಿತ್ತು. ಅವಳು ಪ್ರಿಂಟನ್ನು ನೋಡಿದಳು. ಅದೇ ದಿಬ್ಬ, ಅದೇ ವಾಲು. ಫೋನಿನಲ್ಲಿ ಹೂಂಗುಡುತ್ತ ಕೂತ ಆ ಮಧ್ಯಾಹ್ನ ಕೈ ಯಾರ ಮೂಗನ್ನು ಹುಡುಕಿಕೊಂಡು ಹೋಗಿತ್ತೆಂದು ಈಗ ಗೊತ್ತಾಯಿತು. ಆ ದಿಬ್ಬವನ್ನು ಮಾತ್ರ ಕೈ ಒರೆಸಿರಲಿಲ್ಲ.

"ಹೂಂ ಅಮ್ಮ, ಚಿಕ್ಕಮ್ಮನ ಥರಾನೇ," ಎಂದಳು.

ಪಾತ್ರೆ ತೊಳೆದು ಬರುವಷ್ಟರಲ್ಲಿ ಅಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು, ಪ್ರಿಂಟ್ ಮಡಿಲಲ್ಲಿತ್ತು. ಅಮ್ಮನಿಗೆ ಎಚ್ಚರವಾಗದಂತೆ ಅವಳು ಕನ್ನಡಕವನ್ನು ತೆಗೆದಳು. ಮೂಗಿನ ಎರಡೂ ಬದಿಗೆ ಅದು ಕೂತಿದ್ದ ಕಡೆ ಎರಡು ಕೆಂಪು ಗುಳಿಗಳು ಉಳಿದಿದ್ದವು. ಅವಳು ಎದುರಿನ ಕುರ್ಚಿ ಎಳೆದುಕೊಂಡು, ಲೈಟ್ ಆರಿಸದೆ, ಅವನ್ನೇ ನೋಡುತ್ತ ಕೂತಳು.