ಕೆಲಸದ ಕೆನ್ನೆ

"ಹೀಗೇ ನಿಂತ್ಕೊಳ್ಳಿ ಅಕ್ಕ, ಬಿಸಿಲಿಗೆ ಮುಖ ಕೊಡಿ," ಎಂದಳು ಫ್ಯಾನ್ಸಿ ಸ್ಟೋರಿನ ಹುಡುಗಿ.

ಗುಬ್ಬಿ ಬಿಸಿಲಿಗೆ ಮುಖ ಕೊಟ್ಟಳು. ನಡುಮಧ್ಯಾಹ್ನ, ಅಂಗಡಿಯ ಮೆಟ್ಟಿಲ ಮೇಲೆ, ದವಡೆಗೆ ಮೂರು ಬಗೆಯ ಬಣ್ಣದಲ್ಲಿ ಮೂರು ಗೆರೆ ಎಳೆಸಿಕೊಂಡು ನಿಂತಿದ್ದಳು. ಹಾದುಹೋಗುವವರೆಲ್ಲ ಒಮ್ಮೆ ತಿರುಗಿ ನೋಡಿಯೇ ಮುಂದೆ ಹೋಗುತ್ತಿದ್ದರು. ಹದಿನಾರನೇ ವಯಸ್ಸಿನಲ್ಲಿ ಮೊಡವೆ ಎದ್ದು, ಒಡೆದು, ಒಣಗಿ, ಹೋಗುವಾಗ ಕೆನ್ನೆಯ ತುಂಬ ಕಲೆ ಮತ್ತು ಗುಂಡಿ ಬಿಟ್ಟುಹೋದ ಮುಖ ಅದು. ಅಂದಿನಿಂದ ಆ ಮುಖವನ್ನು ನೆರಳಿನಿಂದ ನೆರಳಿಗೆ ದಾಟಿಸಿಕೊಂಡೇ ಬಂದವಳಿಗೆ ಈ ಮೆಟ್ಟಿಲು ನಾಟಕದ ವೇದಿಕೆಯಷ್ಟು ಎತ್ತರ ಅನಿಸಿತು.

ಹುಡುಗಿ ಕೈಗನ್ನಡಿ ಹಿಡಿದಳು. "ಒಳಗೆ ಟ್ಯೂಬ್‌ಲೈಟಲ್ಲಿ ಎಲ್ಲಾ ಬಣ್ಣನೂ ಚೆನ್ನಾಗೇ ಕಾಣುತ್ತೆ. ಹೊರಗೆ ಬಂದ್ಮೇಲೇ ಅದರ ಬಂಡವಾಳ ಗೊತ್ತಾಗೋದು. ನೋಡಿ, ಮೊದಲನೇದು ಬೂದಿ. ಎರಡನೇದು ಅರಿಶಿಣ. ಮೂರನೇದು ಎಲ್ಲಿದೆ ಹೇಳಿ?"

ಗುಬ್ಬಿ ಕಣ್ಣು ಕಿರಿದು ಮಾಡಿ ಹುಡುಕಿದಳು. ಮೂರನೆಯ ಗೆರೆ ಕಾಣಲಿಲ್ಲ. ಅದರ ಕೆಳಗೆ ಇದ್ದ ಕಂದು ಕಲೆಯೂ ಮುಕ್ಕಾಲು ಪಾಲು ಕಾಣಲಿಲ್ಲ.

"ಇದೇ ನಿಮ್ಮದು. ನೀರಿನ ಥರ ತೆಳ್ಳಗಿದೆ. ಕಲೆ ಮುಚ್ಚುತ್ತೆ, ಗುಂಡಿ ಮುಚ್ಚಲ್ಲ. ಗುಂಡಿನೂ ಮುಚ್ಚುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬೋಕೆ ಹೋಗ್ಬೇಡಿ. ದಪ್ಪ ಹಚ್ಚಿದಷ್ಟೂ ಒಳಗೆ ಹೋಗಿ ಕೂತ್ಕೊಂಡು ನಾನಿಲ್ಲಿದೀನಿ ಅಂತ ಕೂಗುತ್ತೆ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಗುಬ್ಬಿ ಒದೆಯಲಿಲ್ಲ. ಒಂದು ವಾರ ಮನೆಯಲ್ಲಿ ಬಳಿದುಕೊಂಡು, ಒರೆಸಿಕೊಂಡು, ಆ ಮಾತು ಎಷ್ಟು ನಿಜ ಎಂದು ತಾನೇ ಕಂಡುಕೊಂಡಿದ್ದಳು. ಬಾಟಲಿಯನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಗೆರೆಗಳನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತ ಮನೆಯ ದಾರಿ ಹಿಡಿದಳು.

ಆ ವಾರದ ಕಥೆ ಶುರುವಾದದ್ದು ಒಂದು ಕುರ್ಚಿಯಿಂದ.

ಗುಬ್ಬಿ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಗುಬ್ಬಿ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು; ಅಣ್ಣ ಒಂದು ದಿನ ಊಟದ ಡಬ್ಬಿ ಕೊಡಲು ಬಂದವನು ಹಾಗೆ ಕೂಗಿದ್ದೇ ತಡ, ಅಂಗಡಿಯಲ್ಲೂ ಅದೇ ನಿಂತುಬಿಟ್ಟಿತು. ಆರು ವರ್ಷದಿಂದ ಅವಳ ಜಾಗ ಹಿಂದಿನ ಕೋಣೆ. ಲೆನ್ಸಿನ ಅಂಚನ್ನು ತಿರುಗುವ ಕಲ್ಲಿಗೆ ಹಿಡಿದು, ನೀರು ಬಿಡುತ್ತ, ಫ್ರೇಮಿಗೆ ಕೂರುವಂತೆ ಉಜ್ಜಿ ಕೊಡುವ ಕೆಲಸ. ಅಲ್ಲಿ ಅವಳ ಮುಖ ನೋಡಲು ಕಲ್ಲು ಬಿಟ್ಟರೆ ಯಾರೂ ಇರಲಿಲ್ಲ, ಕಲ್ಲಿಗೆ ಅದರ ಬಗ್ಗೆ ತಕರಾರೂ ಇರಲಿಲ್ಲ.

ಮುಂದಿನ ಕುರ್ಚಿ ಮೇಷ್ಟ್ರದ್ದು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಕೇಳಿದ್ದಕ್ಕೆಲ್ಲ ಬೇರಿನಿಂದ ಹಿಡಿದು ವಿವರಿಸುತ್ತಾರೆಂದು ಆ ಹೆಸರು ಬಿದ್ದಿತ್ತು. ಸಿದ್ಧವಾದ ಕನ್ನಡಕವನ್ನು ಗಿರಾಕಿಯ ಮೂಗಿಗೆ, ಕಿವಿಗೆ ಕೂರಿಸಿಕೊಡುವುದು ಅವರ ಕೆಲಸ. ಗಿರಾಕಿಗೂ ಅವರಿಗೂ ನಡುವೆ ಒಂದು ಮೊಳದ ಅಂತರ. ಕೂರಿಸಿ ಆದ ಮೇಲೆ "ಸರಿ ಕಾಣ್ತಿದೆಯಾ?" ಎಂದು ಕೇಳಿ, ಮುಖ ಅಲ್ಲಾಡಿಸದೆ ಕೂರುತ್ತಿದ್ದರು. "ಗಿರಾಕಿಗೆ ನೋಡೋಕೆ ಹತ್ತಿರದಲ್ಲಿ ಏನಾದ್ರೂ ಒಂದು ಬೇಕಲ್ಲಮ್ಮ," ಎನ್ನುತ್ತಿದ್ದರು, "ಅದಕ್ಕೆ ನನ್ನ ಮೂತಿ." ಹೊಸ ಕನ್ನಡಕ ಹಾಕಿಕೊಂಡವರು ಈ ಲೋಕದಲ್ಲಿ ಮೊಟ್ಟಮೊದಲು ಸ್ಪಷ್ಟವಾಗಿ ಕಾಣುತ್ತಿದ್ದದ್ದು ಮೇಷ್ಟ್ರ ಮೂತಿಯನ್ನೇ.

ಈಗ ಮೇಷ್ಟ್ರ ಕೈ ನಡುಗಲು ಶುರುವಾಗಿತ್ತು. "ನನ್ನ ಕುರ್ಚಿ ಗುಬ್ಬಿಗೆ ಕೊಡಿ," ಎಂದು ಅವರೇ ಹೇಳಿದರು. ಗುಬ್ಬಿಗೆ ಆ ಕುರ್ಚಿ ಅಲ್ಲಿಯವರೆಗೆ ಕನ್ನಡಿಯೊಳಗಿನ ಗಂಟು. ದಿನವೂ ಬಾಗಿಲ ಸಂದಿಯಿಂದ ಅವರ ಕೈ ನೋಡಿ ನೋಡಿ ಅರ್ಧ ವಿದ್ಯೆ ಕಲಿತಿದ್ದಳು. ಬೇಕು ಎಂದು ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೆ. ಬೇಕಿತ್ತು, ತುಂಬಾ ಬೇಕಿತ್ತು.

ಅಂಗಡಿಯ ಯಜಮಾನರು ಅವಳನ್ನು ಕರೆಸಿ, "ಸೋಮವಾರದಿಂದ ಮುಂದೆ ಕೂತ್ಕೊ. ಒಂದು ವಾರ ನೋಡೋಣ," ಎಂದರು. ಆಮೇಲೆ ತಮ್ಮ ಮುಖದ ಮುಂದೆ ಗಾಜು ಒರೆಸುವವರಂತೆ ಕೈ ಆಡಿಸಿ, "ಮುಂದೆ ಕೂರೋದು ಅಂದ್ರೆ ಸ್ವಲ್ಪ… ನೋಡ್ಕೊಬೇಕಮ್ಮ. ತಪ್ಪು ತಿಳ್ಕೋಬೇಡ," ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಆದರೆ ಬೆಳಕು ಸರಿಯಾಗಿ ಅವಳ ಕೆನ್ನೆಯ ಮೇಲೇ ಬಿತ್ತು. "ಇಲ್ಲ ಸಾರ್," ಎಂದು ಒಳಗೆ ಹೋಗಿ, ನೀರು ಬಿಟ್ಟುಕೊಂಡು, ಅಗತ್ಯವಿಲ್ಲದ ಒಂದು ಲೆನ್ಸನ್ನು ಉಜ್ಜುತ್ತ ನಿಂತಳು. ಅವಮಾನವಾಗಿತ್ತು. ಕುರ್ಚಿ ಬೇಡ ಎನ್ನುವಷ್ಟು ಮಾತ್ರ ಆಗಿರಲಿಲ್ಲ.

ಮನೆಯಲ್ಲಿ ಅತ್ತಿಗೆ ಸೊಂಟ ಕಟ್ಟಿ ನಿಂತಳು. ಮೊದಲು ತನ್ನ ಮದುವೆಯ ಕಾಲದ ಪೌಡರಿನ ಡಬ್ಬಿ ತಂದು ಬಳಿದಳು. ಕನ್ನಡಿ ನೋಡಿದ ಗುಬ್ಬಿ, "ಹಿಟ್ಟಿನ ಗಿರಣಿಯಿಂದ ಬಂದ ಹಾಗಿದೀನಿ," ಎಂದಳು.

"ಬಾಯಿ ಮುಚ್ಕೊಂಡಿರು, ನಿನ್ನ ಅಣ್ಣ ಇದನ್ನ ನೋಡೇ ಒಪ್ಕೊಂಡಿದ್ದು," ಎಂದಳು ಅತ್ತಿಗೆ.

"ಅದಕ್ಕೇ ಅವನಿಗೆ ಆಮೇಲೆ ಕನ್ನಡಕ ಬಂತು."

ಅತ್ತಿಗೆ ತಲೆಗೆ ಮೊಟಕಿದಳು. ಮರುದಿನ ಯಾರೋ ಹೇಳಿದರೆಂದು ಕಡ್ಡಿಯಂಥ ಗಟ್ಟಿ ಕ್ರೀಮು ತಂದರು. ಹಚ್ಚಿದ ಮೊದಲ ಗಂಟೆ ಮುಖ ಹೊಸ ಗೋಡೆಯ ಹಾಗೆ ನುಣ್ಣಗಿತ್ತು; ನಗಲೂ ಭಯ, ಬಿರುಕು ಬಿಟ್ಟೀತೆಂದು. ಮಧ್ಯಾಹ್ನದ ಹೊತ್ತಿಗೆ ಕ್ರೀಮೆಲ್ಲ ಇಳಿದು ಗುಂಡಿ ಗುಂಡಿಯಲ್ಲಿ ನಿಂತು, ಇಲ್ಲದ ಗುಂಡಿಗಳೂ ಇವೆಯೇನೋ ಎನ್ನುವಂತಾಯಿತು. ಅತ್ತಿಗೆಯೂ ಸೋತು, "ನಂಗೆ ಇಷ್ಟೇ ಕಣೇ ಗೊತ್ತಿರೋದು. ಫ್ಯಾನ್ಸಿ ಸ್ಟೋರಿಗೇ ಹೋಗಿ ಕೇಳು," ಎಂದಳು. ಹಾಗೆ ಗುಬ್ಬಿ ಆ ಮೆಟ್ಟಿಲು ಹತ್ತಿದ್ದು.

ಇತ್ತ ಕನ್ನಡಕದ ಅಂಗಡಿಯಲ್ಲಿ ಮೇಷ್ಟ್ರು ಸಂಜೆ ಸಂಜೆ ಪಾಠ ಹೇಳುತ್ತಿದ್ದರು. ಪ್ಲಾಸ್ಟಿಕ್ ಫ್ರೇಮಿನ ಕಡ್ಡಿಯನ್ನು ಕಿವಿಯ ಹಿಂದೆ ಬಾಗಿಸಬೇಕಾದರೆ ಅದನ್ನು ಬಿಸಿಗಾಳಿಯ ಡಬ್ಬದಲ್ಲಿ ಕಾಯಿಸಬೇಕು. ಸಾಲದಿದ್ದರೆ ಮುರಿಯುತ್ತದೆ, ಹೆಚ್ಚಾದರೆ ಸುಡುತ್ತದೆ. ಬಾಗಿಸಿದ ಬಿಸಿಕಡ್ಡಿಯನ್ನು ಅವರು ಗಿರಾಕಿಯ ಕಿವಿಗೆ ಇಡುವ ಮೊದಲು ಒಂದು ಕ್ಷಣ ತಮ್ಮ ಬಲಗೆನ್ನೆಗೆ ಇಟ್ಟುಕೊಳ್ಳುತ್ತಿದ್ದರು. ಅಲ್ಲಿ ಹೆಬ್ಬೆಟ್ಟಿನ ಗಾತ್ರದ ಕಪ್ಪು ಗುರುತು. ಹುಟ್ಟುಮಚ್ಚೆ ಎಂದೇ ಗುಬ್ಬಿ ಅದುವರೆಗೆ ತಿಳಿದಿದ್ದಳು; ಅದು ಕಡ್ಡಿಯ ಬಿಸಿ ಬಿಟ್ಟ ಗುರುತು.

"ಕೈಯನ್ನ ನಂಬಬೇಡಮ್ಮ," ಎಂದರು ಮೇಷ್ಟ್ರು. "ನಿನ್ನ ಬೆರಳು ಕಲ್ಲಿಗೆ ಸವೆದು ಜಡ್ಡುಗಟ್ಟಿದೆ, ಅದಕ್ಕೆ ಬಿಸಿ ತಿಳಿಯಲ್ಲ. ಕೆನ್ನೆಗೆ ತಿಳಿಯುತ್ತೆ. ಕೆನ್ನೆ ತಡ್ಕೊಂಡ್ರೆ ಕಿವಿನೂ ತಡ್ಕೊಳ್ಳುತ್ತೆ."

ಗುಬ್ಬಿ ಅದನ್ನು ಕಲಿತಳು, ಒಂದು ಸಲವೂ ತಪ್ಪಲಿಲ್ಲ. ಆ ಸಂಜೆಗಳಲ್ಲಿ ಅವಳ ಮುಖದ ಮೇಲೆ ಬಣ್ಣವೇನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗಿ ಹೇಳಿಕೊಟ್ಟಂತೆ ಬಾಟಲಿ ಅಲ್ಲಾಡಿಸಿ, ಒಂದೊಂದೇ ಹನಿ ತೆಗೆದು, ಉಜ್ಜದೆ ಒದ್ದೆ ಸ್ಪಂಜಿನಿಂದ ಒತ್ತಿ ಒತ್ತಿ ಹಚ್ಚಿಕೊಂಡಳು. ಕಲೆ ಹೆಚ್ಚಿದ್ದ ಕಡೆ ಇನ್ನೊಂದು ತೆಳು ಪದರ. ಕಿಟಕಿಯ ಬೆಳಕಿನಲ್ಲಿ ನೋಡಿದರೆ ಗುಂಡಿಗಳು ಇದ್ದಲ್ಲೇ ಇದ್ದವು, ಆದರೆ ಬಣ್ಣ ಒಂದೇ ಆಗಿ ಮುಖ ಸುಮ್ಮನಾಗಿತ್ತು. ಹಚ್ಚಿದ್ದು ಗೊತ್ತಾಗುತ್ತಿರಲಿಲ್ಲ. ಅತ್ತಿಗೆ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಚೆನ್ನಾಗಿ ನಿದ್ದೆ ಮಾಡಿ ಎದ್ದವಳ ಥರ ಇದೀಯ," ಎಂದಳು. ಗುಬ್ಬಿಗೆ ನಿಜವಾಗಿಯೂ ಸಂತೋಷವಾಯಿತು. ದಾರಿಯಲ್ಲಿ ಬೇಕೆಂದೇ ಬಿಸಿಲಿನ ಬದಿಯಲ್ಲಿ ನಡೆದಳು.

ಬೆಳಗಿನ ಗಿರಾಕಿಗಳದ್ದೆಲ್ಲ ತಂತಿ ಫ್ರೇಮು. ಚಿಕ್ಕ ಇಕ್ಕಳದಲ್ಲಿ ಮೂಗಿನ ಮೇಲೆ ಕೂರುವ ಪುಟ್ಟ ಗುಬುಟುಗಳನ್ನು ಸರಿಮಾಡಿದರೆ ಮುಗಿಯಿತು. ಕೈ ಪಳಗಿದ್ದು ಅವಳಿಗೇ ಗೊತ್ತಾಗುತ್ತಿತ್ತು. "ಸರಿ ಕಾಣ್ತಿದೆಯಾ?" ಎಂದು ಕೇಳುವಾಗ ಮಾತ್ರ ಇಕ್ಕಳ ಇಟ್ಟ ತಟ್ಟೆಯಲ್ಲಿ ಏನೋ ಹುಡುಕುವವಳಂತೆ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಗಲ್ಲಾ ಪೆಟ್ಟಿಗೆಯ ಹಿಂದಿನಿಂದ ಯಜಮಾನರು ನೋಡುತ್ತಿದ್ದರು. ಒಮ್ಮೆ ತಲೆಯಾಡಿಸಿದರು ಕೂಡ.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಒಬ್ಬ ಮುದುಕಿ ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವೆಲ್ಲ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ದುಡಿದು ನಿವೃತ್ತರಾದವರು, ಮೇಷ್ಟ್ರ ಹಳೆಯ ಗಿರಾಕಿ. ದಪ್ಪ ಲೆನ್ಸು, ದಪ್ಪ ಪ್ಲಾಸ್ಟಿಕ್ ಫ್ರೇಮು. "ನಂದು ಕಿವಿ ಮೆತ್ತಗೆ, ಬಾಯಿ ಗಟ್ಟಿ," ಎಂದು ಮೊದಲೇ ಎಚ್ಚರಿಸಿ, ಹಳೆಯ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು.

ಗುಬ್ಬಿ ಬಲಗಡೆಯ ಕಡ್ಡಿ ಕಾಯಿಸಿದಳು, ಬಾಗಿಸಿದಳು, ಕೆನ್ನೆಯ ಹತ್ತಿರ ತಂದಳು. ಕೈ ಅಲ್ಲೇ ನಿಂತಿತು. ಮುಟ್ಟಿಸಿದರೆ ಬಣ್ಣ ಕಡ್ಡಿಗೆ ಅಂಟುತ್ತದೆ, ಕೆನ್ನೆಯ ಮೇಲೆ ಪಟ್ಟೆಯೊಂದು ಎದ್ದು ಕಾಣುತ್ತದೆ. ಯಜಮಾನರು ಇತ್ತಲೇ ನೋಡುತ್ತಿದ್ದರು. ಅವಳು ಕಡ್ಡಿಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಬೆಚ್ಚಗೆ ಅನಿಸಿತು. ಕಿವಿಗೆ ಇಟ್ಟಳು.

ಮುದುಕಿ ಉಸಿರು ಎಳೆದುಕೊಂಡು ಕನ್ನಡಕ ಕಿತ್ತು ತಟ್ಟೆಯಲ್ಲಿಟ್ಟರು. ಕಿವಿಯ ಹಿಂದೆ ಒಂದು ಕೆಂಪು ಗೆರೆ ಮೂಡಿತ್ತು. ಗುಬ್ಬಿ ಕೂಡಲೇ ತಣ್ಣೀರಲ್ಲಿ ಬಟ್ಟೆ ಅದ್ದಿ ತಂದು ಒತ್ತಿ ಹಿಡಿದಳು. "ತಪ್ಪಾಯ್ತು ಅಮ್ಮ," ಎಂದಳು.

ಯಜಮಾನರು ಎದ್ದು ಬಂದರು. "ಹೊಸಬಳು ಅಮ್ಮ, ಬೇಜಾರು ಮಾಡ್ಕೋಬೇಡಿ, ನಾನೇ ಹಾಕಿಕೊಡ್ತೀನಿ," ಎಂದವರು ಗುಬ್ಬಿಯ ಕಡೆ ತಿರುಗಿ, "ನೀನು ಒಳಗೆ ಹೋಗು," ಎಂದರು.

ಒಳಗೆ ಎಂದರೆ ಕಲ್ಲಿನ ಹತ್ತಿರ. ಈಗ ಎದ್ದರೆ ಮತ್ತೆ ಈ ಕುರ್ಚಿಗೆ ಬರುವುದಿಲ್ಲ ಎಂದು ಗುಬ್ಬಿಗೆ ಗೊತ್ತಿತ್ತು. ಅವಳು ಏಳಲಿಲ್ಲ.

"ಮೇಷ್ಟ್ರು ಕೆನ್ನೆಗೆ ಇಟ್ಕೊಂಡು ನೋಡ್ತಿದ್ರು," ಎಂದರು ಮುದುಕಿ, ಕಿವಿ ಒತ್ತಿಕೊಳ್ಳುತ್ತ. "ನಿನಗೆ ಹೇಳಿಕೊಡ್ಲಿಲ್ವಾ?"

"ಹೇಳಿಕೊಟ್ಟಿದಾರೆ ಅಮ್ಮ."

"ಮತ್ತೆ ಯಾಕೆ ಇಡ್ಲಿಲ್ಲ?"

ಸುಳ್ಳು ಹೇಳಲು ಹತ್ತು ದಾರಿಗಳಿದ್ದವು. ಗುಬ್ಬಿಗೆ ಒಂದೂ ಹೊಳೆಯಲಿಲ್ಲ. "ಮುಖಕ್ಕೆ ಬಣ್ಣ ಹಚ್ಚಿದೀನಿ. ಅಳಿಸಿಹೋಗುತ್ತೆ ಅಂತ."

ಮುದುಕಿ ಕಣ್ಣು ಕಿರಿದು ಮಾಡಿಕೊಂಡು ಅವಳ ಕಡೆಗೆ ಬಗ್ಗಿದರು. "ಯಾವ ಬಣ್ಣ? ನಂಗೇನೂ ಕಾಣ್ತಿಲ್ವಲ್ಲ."

"ಕಾಣಬಾರದು ಅಂತಲೇ ಹಚ್ಚಿರೋದು ಅಮ್ಮ."

ಮುದುಕಿಯ ಗಂಟಲಲ್ಲಿ ನಗುವಿನಂಥದ್ದು ಏನೋ ಬಂದು ಅಲ್ಲೇ ನಿಂತಿತು. ಯಜಮಾನರು ಕನ್ನಡಕಕ್ಕೆ ಕೈ ಚಾಚಿದರು. ಗುಬ್ಬಿ ಅದನ್ನು ಅವರಿಗೆ ಸಿಗದಂತೆ ತನ್ನ ಕಡೆ ಎಳೆದುಕೊಂಡಳು.

"ನಾನೇ ಮುಗಿಸ್ತೀನಿ ಸಾರ್. ಅಮ್ಮ ಒಪ್ಪಿದ್ರೆ."

"ಕಿವಿ ಇರೋದು ಎರಡೇ," ಎಂದರು ಮುದುಕಿ. "ನೋಡ್ಕೊಂಡು ಮಾಡು."

ಲೆನ್ಸು ಒರೆಸುವ ಬಟ್ಟೆಯನ್ನು ಒದ್ದೆ ಮಾಡಿ ಗುಬ್ಬಿ ಬಲಗೆನ್ನೆಯನ್ನು ತಿಕ್ಕಿ ಒರೆಸಿಕೊಂಡಳು. ಬೆಳಿಗ್ಗೆ ಅಷ್ಟು ಹೊತ್ತು ಕೂತು ಹಚ್ಚಿದ್ದು ಎರಡು ಸಲ ಒರೆಸಿದ್ದಕ್ಕೆ ಹೋಯಿತು. ಕಂದು ಕಲೆಗಳು ಹೊರಗೆ ಬಂದವು. ಮತ್ತೆ ಕಡ್ಡಿ ಕಾಯಿಸಿದಳು, ಬಾಗಿಸಿದಳು, ಕೆನ್ನೆಗೆ ಇಟ್ಟಳು. ಸುಟ್ಟಿತು. ಮನಸ್ಸಿನಲ್ಲೇ ಸ್ವಲ್ಪ ಎಣಿಸಿ ಇನ್ನೊಮ್ಮೆ ಇಟ್ಟಳು. ತಡೆಯುವಂತಿತ್ತು. ಆಮೇಲೆ ಮುದುಕಿಯ ಕೂದಲು ಸರಿಸಿ, ಕೆಂಪು ಗೆರೆಗೆ ತಾಗದ ಹಾಗೆ, ಕಿವಿಯ ಹಿಂದೆ ಕೂರಿಸಿದಳು. ಎಡಗಡೆಗೂ ಹಾಗೆಯೇ ಮಾಡಿದಳು.

"ಸರಿ ಕಾಣ್ತಿದೆಯಾ?"

ಮುದುಕಿ ರೆಪ್ಪೆ ಬಡಿದು ನೋಡಿದರು. ದಪ್ಪ ಗಾಜಿನ ಹಿಂದೆ ಕಣ್ಣುಗಳು ದೊಡ್ಡದಾಗಿ ಗುಬ್ಬಿಯ ಹಣೆಯಿಂದ ಇಳಿದು, ಒಂದು ಕೆನ್ನೆಗೆ ಹೋಗಿ, ಇನ್ನೊಂದಕ್ಕೆ ಬಂದು ನಿಂತವು. ಗುಬ್ಬಿಗೆ ಓಡಿಹೋಗೋಣ ಅನಿಸಿತು. ಕುರ್ಚಿಯ ಅಂಚನ್ನು ಹಿಡಿದುಕೊಂಡಳು.

"ಕಾಣ್ತಿದೆ," ಎಂದರು ಮುದುಕಿ. "ಎಡಗಡೆ ಸ್ವಲ್ಪ ಒತ್ತುತ್ತೆ. ಬಿಚ್ಚಿ ಸಡಿಲ ಮಾಡು."

ಗುಬ್ಬಿ ಬಿಚ್ಚಿ ಸಡಿಲ ಮಾಡಿಕೊಟ್ಟಳು. ಮುದುಕಿ ಹಳೆಯ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲ ಮೇಲಿನ ಬೋರ್ಡನ್ನು ಒಂದೊಂದಕ್ಷರವಾಗಿ ಓದಿ ಹೊರಟುಹೋದರು.

ಯಜಮಾನರು ಅಲ್ಲೇ ನಿಂತಿದ್ದರು. ಅವಳ ಮುಖ ಈಗ ಅರ್ಧ ಬಳಿದು ಬಿಟ್ಟ ಗೋಡೆಯ ಹಾಗಿತ್ತು. "ಆ ಕಡೆ ಹೋಗಿದೆ," ಎಂದರು. "ಒಳಗೆ ಹೋಗಿ ಸರಿ ಮಾಡ್ಕೊಂಡು ಬಾ."

"ಆ ಕಡೆ ಕೆಲಸಕ್ಕೆ ಬೇಕು ಸಾರ್."

ಅವರು ಬಾಗಿಲ ಕಡೆ ನೋಡಿ, ಗಲ್ಲಾ ಪೆಟ್ಟಿಗೆಯ ಹಿಂದೆ ಹೋಗಿ ಕೂತರು.

ಮರುದಿನ ಬೆಳಿಗ್ಗೆ ಗುಬ್ಬಿ ಕಿಟಕಿಯ ಹತ್ತಿರ ಕೂತು ಹಣೆಗೆ, ಎಡಗೆನ್ನೆಗೆ, ಗಲ್ಲಕ್ಕೆ ಸ್ಪಂಜು ಒತ್ತಿದಳು. ಬಲಗೆನ್ನೆಯ ಅಂಚಿನವರೆಗೆ ತಂದು ನಿಲ್ಲಿಸಿದಳು. ಹಿಂದಿನಿಂದ ಇಣುಕಿದ ಅತ್ತಿಗೆ, "ಒಂದು ಕಡೆ ಬಿಟ್ಟೋಗಿದೆ ಕಣೇ," ಎಂದಳು.

"ಬಿಟ್ಟುಹೋಗಿಲ್ಲ ಅತ್ತಿಗೆ, ಬಿಟ್ಟಿದೀನಿ."

"ನೋಡಿದವರು ಏನಂತಾರೆ?"

"ಕಿವಿ ಒತ್ತುತ್ತೆ ಅಂತಾರೆ," ಎಂದು ಗುಬ್ಬಿ ಬಾಟಲಿಯ ಮುಚ್ಚಳ ತಿರುಗಿಸಿದಳು.

ಆ ದಿನದ ಮೊದಲ ಗಿರಾಕಿ ಬಸ್ಸಿನ ಡ್ರೈವರ್, ದಪ್ಪ ಕಪ್ಪು ಫ್ರೇಮು. ಅವಳು ಕಡ್ಡಿ ಕಾಯಿಸಿ ಬಾಗಿಸಿದಳು, ಕೆನ್ನೆಗೆ ಇಟ್ಟಳು, ಕಾದಳು, ಅವನ ಕಿವಿಗೆ ಕೂರಿಸಿದಳು. ತಟ್ಟೆಯ ಕಡೆ ತಿರುಗಲಿಲ್ಲ. "ಸರಿ ಕಾಣ್ತಿದೆಯಾ?" ಎಂದು ಕೇಳಿ, ಅವನು ನೋಡಿ ಮುಗಿಸುವವರೆಗೆ ಮುಖ ಅಲ್ಲಾಡಿಸದೆ ಕೂತಳು.