ಐಡೆಲಾ ಬರೆದ ಕೊನೆಯ ಸ್ವರ

ಟೊಲೀಡೊ ಊರಿನಲ್ಲಿ ಮಕ್ಕಳಿಗೆ ಪಿಯಾನೊ ಪಾಠ ಹೇಳಿಕೊಂಡೇ ಮುದುಕಿಯಾಗಿ ಸತ್ತ ಐಡೆಲಾ ಕ್ರೌದರ್ ಎಂಥ ಸಂಗೀತ ಬರೆದಿದ್ದಳೆಂಬುದು ಆ ಊರಿಗೇ ಮರೆತುಹೋಗಿತ್ತು. ಅವಳ ತಂಗಿಯ ಮಗಳು ನೆಲಮಾಳಿಗೆಯಿಂದ ತಂದುಕೊಟ್ಟ ರಟ್ಟಿನ ಪೆಟ್ಟಿಗೆಯಲ್ಲಿ, ನಾಲ್ಕು ವಾದ್ಯಗಳಿಗೆಂದು ಬರೆದ ಆರು ಕೃತಿಗಳಿದ್ದವು. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲ ನುಡಿಸುವ ವರ್ನಾ ಸ್ಟ್ಯಾಕ್‌ಪೋಲ್ ಸಂಘಟಕರ ತಲೆ ತಿಂದು ಅದರಲ್ಲೊಂದಕ್ಕೆ ಭಾನುವಾರದ ಕಛೇರಿಯಲ್ಲಿ ಜಾಗ ಮಾಡಿಸಿದ್ದಳು. ಇದು ಕೆಟ್ಟರೆ ಉಳಿದ ಐದೂ ಮತ್ತೆ ನೆಲಮಾಳಿಗೆಗೇ.

ಅಭ್ಯಾಸಕ್ಕೆ ಕೂತಾಗ, ಪೆಟ್ಟಿಗೆಯಲ್ಲೇ ಸಿಕ್ಕ ವಯೋಲದ ಹಾಳೆಯ ಕೊನೆಯ ಸಾಲು ನೋಡಿ ಅವಳು ಕಮಾನು ಕೆಳಗಿಟ್ಟಳು. ಶಾಯಿಯಲ್ಲಿದ್ದ ಕೊನೆಯ ಸ್ವರವನ್ನು ಯಾರೋ ಪೆನ್ಸಿಲ್ಲಿನಲ್ಲಿ ಅರ್ಧ ಸ್ವರ ಏರಿಸಿ, ಪಕ್ಕದಲ್ಲಿ ‘ಪ್ರತಿ ಮಾಡಿದವರ ತಪ್ಪು’ ಎಂದು ಗೀಚಿದ್ದರು. ಯಾರೋ ಏನು ಬಂತು, ಆ ಓರೆ ಅಕ್ಷರ ಅವಳದೇ!

ಇಪ್ಪತ್ತೆರಡರ ಹುಡುಗಿಯಾಗಿದ್ದಾಗ ಇದನ್ನು ಮೊಟ್ಟಮೊದಲು ನುಡಿಸಿದವರಲ್ಲಿ ಅವಳೂ ಒಬ್ಬಳು. ಕಿವಿಗೆ ಒರಟಾಗಿ ಕೇಳಿದ್ದೇ ತಡ, ಬರೆದವಳನ್ನು ಒಂದು ಮಾತೂ ಕೇಳದೆ ತಿದ್ದಿಬಿಟ್ಟಿದ್ದಳು. ಪತ್ರಿಕೆ ಮಧುರ ಮುಕ್ತಾಯವೆಂದು ಹೊಗಳಿತ್ತು. ಐಡೆಲಾ ಮಾತ್ರ ಕೈಕುಲುಕದೆ ಎದ್ದುಹೋಗಿದ್ದಳು. ಎಂಥ ಜಂಬದ ಹೆಂಗಸೆಂದು ವರ್ನಾ ಅಂದು ಮೂಗು ಮುರಿದಿದ್ದಳು. ಈಗ ಪೆಟ್ಟಿಗೆ ತಡಕಿ ಐಡೆಲಾಳದೇ ಕೈಬರಹದ ಮೂಲ ಪ್ರತಿ ತೆಗೆದರೆ, ಅಲ್ಲೂ ಅದೇ ಒರಟು ಸ್ವರ, ಇದೇ ಇರಲೆಂಬಂತೆ ಕೆಳಗೆ ಎರಡು ಗೆರೆ ಬೇರೆ. ವರ್ನಾಳಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಮೊದಲ ಪಿಟೀಲಿನ ಮಿಲ್ಟನ್ ಗ್ಯಾರಿಟಿ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ತಂಡದ ಯಜಮಾನಿಕೆ ಅವನದು.

“ಪೆನ್ಸಿಲ್ಲಿಂದೇ ಇರ್ಲಿ ಬಿಡಿ ವರ್ನಾ. ಅಪಸ್ವರ ಅಂತ ಜನ ಆಡ್ಕೋತಾರೆ. ಆಯಮ್ಮನೂ ಅವತ್ತು ಸುಮ್ನಿದ್ರಂತಲ್ಲ.”

“ಸುಮ್ನಿರ್ಲಿಲ್ಲಪ್ಪ, ಎದ್ದು ಹೋದ್ರು. ಅದು ಅರ್ಥ ಆಗೋಕೆ ನಂಗೆ ನಲವತ್ತೊಂದು ವರ್ಷ ಬೇಕಾಯ್ತು. ಜನ ಆಡ್ಕೊಂಡ್ರೆ ಆಡ್ಕೊಳ್ಲಿ.”

ರಬ್ಬರು ತೆಗೆದುಕೊಂಡು ಹಾಳೆ ಹರಿಯುವಷ್ಟು ಉಜ್ಜಿದಳು. ಹಾಗಾದರೆ ಮೆಲ್ಲಗೆ ನುಡಿಸಿ, ಮುಚ್ಚಿಹಾಕುತ್ತೇವೆ ಎಂದ ಮಿಲ್ಟನ್. ಅವಳು ಹಾಳೆಯ ಮೇಲಿನ ರಬ್ಬರಿನ ಪುಡಿ ಊದಿದಳು.

ಭಾನುವಾರ ಕೊನೆಯ ಸಾಲು ಬಂತು. ಮಿಲ್ಟನ್ ಕಮಾನು ಒತ್ತಿ ಅವಳ ಸ್ವರವನ್ನು ಮುಳುಗಿಸಲು ನೋಡಿದ. ವರ್ನಾ ಅವನಿಗಿಂತ ಜೋರಾಗಿ ಒತ್ತಿದಳು. ಮೂರು ವಾದ್ಯಗಳ ಸಿಹಿಯನ್ನು ಸೀಳಿಕೊಂಡು ಐಡೆಲಾಳ ಸ್ವರ ಸಭಾಂಗಣದ ಹಿಂದಿನ ಗೋಡೆಯವರೆಗೂ ಹೋಯಿತು. ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ಮುಖ ಮುಖ ನೋಡಿಕೊಂಡರು.

ಮೊದಲ ಕಛೇರಿಯನ್ನೂ ಕೇಳಿದ್ದ ವೃದ್ಧರೊಬ್ಬರು ಕೋಲೂರಿಕೊಂಡು ವೇದಿಕೆಯ ಬಳಿಗೆ ಬಂದರು. “ಹಿಂದೆ ಎಷ್ಟು ಮಧುರವಾಗಿ ಮುಗಿಸಿದ್ರಿ. ಇವತ್ತು ಬೆರಳು ತಪ್ಪಿತೇನಮ್ಮ?”

ವರ್ನಾ ಮಿಲ್ಟನ್‌ಗೂ ಕೇಳುವಂತೆ ಹೇಳಿದಳು:

“ಇಲ್ಲ ಯಜಮಾನ್ರೇ. ಬೆರಳು ತಪ್ಪಿದ್ದು ಅವತ್ತು.”