ಮುಚ್ಚಿದ ಕಿಂಡಿ

ಸೊಂಟದ ಆಪರೇಷನ್ನಿಗೆ ಆಸ್ಪತ್ರೆ ಸೇರುವ ಹಿಂದಿನ ದಿನ ಅಕ್ಕ ಕೋಲು ಊರಿಕೊಂಡೇ ತಂಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹುಂಜದ ಗೂಡಿನ ಮುಂದೆ ನಿಲ್ಲಿಸಿದಳು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಒಂದು ಮಾತನ್ನು ಮೂರು ಸಲ ಹೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ.

“ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ನೀರು. ಈ ಹಿಮದೂರಿನ ಚಳಿಗೆ ನೋಡ್ತಾ ನೋಡ್ತಾ ಐಸಾಗಿಬಿಡುತ್ತೆ. ಸಂಜೆ ಮಲಗೋಕೆ ಮುಂಚೆ ಒಂದು ಹಿಡಿ ಮೆಕ್ಕೆಜೋಳ, ಹೊಟ್ಟೆ ತುಂಬಿದ್ರೆ ಮೈ ಬೆಚ್ಚಗಿರುತ್ತೆ. ಒದ್ದೆ ಹುಲ್ಲು ತೆಗೆದು ಒಣಗಿದ್ದು ಹಾಕು. ಮೇಲಿನ ಆ ಎರಡು ಕಿಂಡಿ ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡ. ಅವನ ಉಸಿರಿನ ಹಸಿ ಹೊರಗೆ ಹೋಗ್ಬೇಕು. ಇಲ್ದಿದ್ರೆ ಜುಟ್ಟಿನ ಮೇಲೆ ಕೂತು ಹೆಪ್ಪುಗಟ್ಟುತ್ತೆ.”

“ನನಗೆ ಆಪರೇಷನ್ ಆದ್ರೂ ಇಷ್ಟು ಉಪಚಾರ ಮಾಡ್ತೀಯೇನೇ ಅಕ್ಕ?”

“ನಿನಗಾದ್ರೆ ಕೇಳೋಕೆ ಬಾಯಿದೆ. ಪಾಪ, ಅವನಿಗೆ ಬಾಯಿಲ್ಲ.”

“ಬಾಯಿಲ್ವಾ? ಬೀದಿಗೆಲ್ಲ ಕೇಳಿಸೋದು ಅವನೊಬ್ಬನ ಬಾಯೇ!”

ಅಕ್ಕ ನಕ್ಕಳು. ಹುಂಜಕ್ಕೆ ಅವಳಿಟ್ಟ ಹೆಸರು ಹೆಡ್‌ಮಾಸ್ಟರ್. ಕೆಂಪು ಜುಟ್ಟು ಎತ್ತಿಕೊಂಡು ಹಿತ್ತಲಲ್ಲಿ ಅವನು ನಡೆಯುವ ಠೀವಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ.

ತಂಗಿ ದರ್ಜಿ. ಮುಂದಿನ ಕೋಣೆಯೇ ಅವಳ ಅಂಗಡಿ. ಚಳಿಗಾಲ ಬಂತೆಂದರೆ ಕೋಟುಗಳ ರಾಶಿ, ಉಸಿರಾಡಲು ಪುರಸೊತ್ತಿಲ್ಲ. ದಿನವಿಡೀ ಮೆಷಿನ್ ತುಳಿದು, ಬೆನ್ನು ಬಿದ್ದುಹೋದಂತಾಗಿ ಮಲಗಿದರೆ ಐದಕ್ಕೆ ಮುಂಚೆಯೇ ಅವಳ ಕಿಟಕಿಯ ಕೆಳಗೆ ಹೆಡ್‌ಮಾಸ್ಟರನ ಹಾಜರಿ ಶುರು. ಆಸ್ಪತ್ರೆಯಿಂದ ಅಕ್ಕನ ಫೋನ್ ಬಂದರೂ ಮೊದಲ ಪ್ರಶ್ನೆ ಅವನದೇ. “ನೀರು ಕುಡಿದ್ನಾ? ಜೋಳ ತಿಂದ್ನಾ?” ತಂಗಿ ಉಂಡಳೋ ಬಿಟ್ಟಳೋ ಎಂಬ ವಿಚಾರಣೆ ಬರುವಷ್ಟರಲ್ಲಿ ನರ್ಸ್ ಬಂದಿರುತ್ತಿದ್ದಳು.

ಐದನೆಯ ದಿನ ಸಂಜೆ ತಂಗಿಗೆ ತಡೆಯಲಾಗಲಿಲ್ಲ. ಕೋಟು ಕತ್ತರಿಸಿ ಉಳಿದ ಉಣ್ಣೆಯ ಚೂರುಗಳನ್ನು ಉಂಡೆ ಮಾಡಿ ಎರಡೂ ಕಿಂಡಿಗಳಿಗೆ ತುರುಕಿದಳು. ಬಾಗಿಲು ಹಾಕಿ, ಅದರ ಮೇಲೆ ಹಳೇ ಕಂಬಳಿ ಇಳಿಬಿಟ್ಟಳು. ಕೂಗಿದರೂ ಒಳಗೇ ಕೂಗಿಕೊಳ್ಳಲಿ.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿದಳು. “ಏನು ಮಾಡ್ತಾ ಇದೀರಿ?”

“ಚಳಿ ಅಲ್ವಾ. ಬೆಚ್ಚಗಿರ್ಲಿ ಅಂತ.”

“ಎಷ್ಟು ಅಕ್ಕರೆ ನಿಮಗೆ!”

ತಂಗಿ ಉಳಿದ ಚೂರುಗಳನ್ನು ಬಾಚಿಕೊಂಡು ಒಳಗೆ ಹೋದಳು.

ಮರುದಿನ ಕೂಗು ಕ್ಷೀಣವಾಗಿ ಕೇಳಿಸಿತು. ನೀರು, ಜೋಳ ಒಳಗಿಟ್ಟು ಮತ್ತೆ ಕಂಬಳಿ ಇಳಿಬಿಟ್ಟಳು. ಅದರ ಮರುದಿನ ಕೇಳಿಸಲೇ ಇಲ್ಲ. ಏಳೂವರೆಗೆ ಎದ್ದಾಗ ಹೊಟ್ಟೆಗೆ ಹಾಲು ಹೊಯ್ದಷ್ಟು ಹಿತವಾಗಿತ್ತು ಅವಳಿಗೆ. ಅವತ್ತು ಮೂರು ಕೋಟು ಕೊಡಬೇಕಿತ್ತು. ಹಿತ್ತಲ ಕಡೆ ತಲೆಹಾಕಲಿಲ್ಲ. ಮಧ್ಯೆ ಅಕ್ಕನ ಫೋನ್ ಬಂತು. “ಚೆನ್ನಾಗಿದಾನೆ ಕಣೇ, ಈಗ ತಾನೇ ಬಿಸಿನೀರು ಕೊಟ್ಟೆ,” ಎಂದಳು, ಸೂಜಿಗೆ ದಾರ ಪೋಣಿಸುತ್ತಲೇ.

ಮಾರನೆಯ ಮಧ್ಯಾಹ್ನ ಕಂಬಳಿ ಎತ್ತಿ ಬಾಗಿಲು ತೆಗೆದಾಗ ಹಸಿ ವಾಸನೆ ಮುಖಕ್ಕೆ ಹೊಡೆಯಿತು. ಗೂಡಿನ ಒಳಗೋಡೆಯ ತುಂಬ ಹನಿ ಹೆಪ್ಪುಗಟ್ಟಿತ್ತು. ನೀರಿನ ಬಟ್ಟಲು ಕಲ್ಲಾಗಿತ್ತು. ಅದರ ಮೇಲೆ ಕೊಕ್ಕಿನಿಂದ ಕುಟ್ಟಿದ ಗುರುತುಗಳು. ಹೆಡ್‌ಮಾಸ್ಟರ್ ಮೂಲೆಯಲ್ಲಿ ಮುದುಡಿ ಕೂತಿದ್ದ. ಕೆಂಪು ಜುಟ್ಟು ಬಿಳಿಚಿ, ತುದಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಅವಳು ಕೈ ಚಾಚಿದರೆ ತಪ್ಪಿಸಿಕೊಳ್ಳುವಷ್ಟೂ ತ್ರಾಣವಿರಲಿಲ್ಲ.

ಯಾರದೋ ಹೊಸ ಕೋಟಿನ ಅಸ್ತರಿನಲ್ಲೇ ಅವನನ್ನು ಸುತ್ತಿಕೊಂಡು ಪಶುವೈದ್ಯರ ಹತ್ತಿರ ಓಡಿದಳು.

ವೈದ್ಯರು ಜುಟ್ಟು ನೋಡಿದರು. “ಉಜ್ಜಬೇಡಿ, ಒಲೆ ಹತ್ತಿರ ಹಿಡೀಬೇಡಿ. ಗಾಳಿ ಹೊಡೀದ ಕೋಣೇಲಿಟ್ಟು, ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಕುಡಿಸಿ. ಬದುಕ್ತಾನೆ. ಜುಟ್ಟಿನ ತುದಿ ಮಾತ್ರ ಕಪ್ಪಾಗಿ ಉದುರಿಹೋಗುತ್ತೆ.” ಆಮೇಲೆ ಕನ್ನಡಕದ ಮೇಲಿಂದ ನೋಡಿದರು. “ಗೂಡಿಗೆ ಕಿಂಡಿ ಇಲ್ವಾ?”

“ಇತ್ತು... ಚಳಿ ಅಂತ ಮುಚ್ಚಿದ್ದೆ.”

“ಪ್ರೀತಿ ಜಾಸ್ತಿಯಾದ್ರೂ ಹೀಗಾಗುತ್ತೆ. ಬೇಜಾರು ಮಾಡ್ಕೋಬೇಡಿ.”

ಬೈದಿದ್ದರೆ ಎಷ್ಟೋ ಮೇಲಿತ್ತು.

ಹತ್ತು ದಿನ ಅವನು ಅವಳ ಅಂಗಡಿಯಲ್ಲೇ, ಮೆಷಿನ್ನಿನ ಪಕ್ಕದ ಬುಟ್ಟಿಯಲ್ಲಿದ್ದ. ಗಿರಾಕಿಗಳು “ಅಳತೆ ಕೊಡೋಕೆ ಬಂದಿದಾರಾ?” ಎಂದು ನಗುತ್ತಿದ್ದರು. ಅವಳು ಚಮಚದಲ್ಲಿ ನೀರು ಕುಡಿಸಿದಳು, ಬೇಯಿಸಿದ ಜೋಳ ಹಿಸುಕಿ ಇಟ್ಟಳು. ಒಂದು ಬೆಳಗ್ಗೆ ಜುಟ್ಟಿನ ಕರಿ ಚೂರೊಂದು ಬುಟ್ಟಿಯಲ್ಲಿ ಬಿದ್ದಿತ್ತು. ಕಸದ ಜೊತೆ ಗುಡಿಸಲು ಮನಸ್ಸು ಬರದೆ ಹಿತ್ತಲಿನ ಮಣ್ಣಿನಲ್ಲಿ ಮುಚ್ಚಿದಳು. ಹನ್ನೊಂದನೆಯ ದಿನ ಕಿಂಡಿಗಳ ಉಣ್ಣೆ ಕಿತ್ತುಹಾಕಿ ಅವನನ್ನು ಗೂಡಿಗೆ ಬಿಟ್ಟಳು.

ಅಕ್ಕ ವಾಕರ್ ಹಿಡಿದು ಮನೆಗೆ ಬಂದಳು. ಹಿತ್ತಲ ಬಾಗಿಲಿನಿಂದ ಮೊಂಡಾದ ಜುಟ್ಟನ್ನು ಕಂಡು ಅವಳ ಮುಖ ಸಣ್ಣಗಾಯಿತು. “ತಪ್ಪು ನಂದೇ. ಜುಟ್ಟಿಗೆ ವ್ಯಾಸಲೀನ್ ಹಚ್ಚೋದು ನಿನಗೆ ಹೇಳೇ ಇರ್ಲಿಲ್ಲ. ಇಂಥ ಚಳೀಲಿ ಬಿಟ್ಟುಹೋದೆ ಬೇರೆ.”

ಬಂದವರಿಗೆಲ್ಲ ಅದನ್ನೇ ಹೇಳಿದಳು, ವ್ಯಾಸಲೀನ್ ಮರೆತೆ, ವ್ಯಾಸಲೀನ್ ಮರೆತೆ ಎಂದು. ಪ್ರತಿ ಸಲವೂ ತಂಗಿಯ ಮೆಷಿನ್ ಜೋರಾಗಿ ಓಡುತ್ತಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಕೋಟಿನ ತೋಳೊಂದನ್ನು ತಿರುಗುಮುರುಗಾಗಿ ಹೊಲಿದುಬಿಟ್ಟಿದ್ದಳು. ಮೂರನೆಯ ದಿನ ಊಟದ ಮಧ್ಯೆ ತಟ್ಟೆ ಸರಿಸಿದಳು.

“ಅಕ್ಕ, ಕಿಂಡಿ ಮುಚ್ಚಿದ್ದು ನಾನು. ಚಳಿಗಲ್ಲ. ಅವನ ಕೂಗು ಕೇಳಿಸದೇ ಇರ್ಲಿ ಅಂತ. ಒಂದೂವರೆ ದಿನ ಹೋಗಿ ನೋಡ್ಲೇ ಇಲ್ಲ. ನೀರು ಕಲ್ಲಾಗಿತ್ತು, ಅದರ ಮೇಲೆಲ್ಲ ಕೊಕ್ಕಿನ ಗುರುತು.”

ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. “ಫೋನಲ್ಲಿ ಚೆನ್ನಾಗಿದಾನೆ ಅಂದೆಯಲ್ಲ. ಆಗ ಅವನು ಆ ಕತ್ತಲೇಲಿ ಐಸು ಕುಟ್ತಾ ಕೂತಿದ್ನಾ?”

ತಂಗಿ ಹೌದೆಂದು ತಲೆಯಾಡಿಸಿದಳು. ಅಳು ಒತ್ತರಿಸಿ ಬಂತು. ಅಕ್ಕ ಸಮಾಧಾನ ಹೇಳಲಿಲ್ಲ. ವಾಕರ್ ಎಳೆದುಕೊಂಡು ಕೋಣೆಗೆ ಹೋದಳು. ನಾಲ್ಕು ದಿನ ‘ಉಪ್ಪು ಕೊಡು’, ‘ಮಾತ್ರೆ ಎಲ್ಲಿ’ ಬಿಟ್ಟರೆ ಬೇರೆ ಮಾತಿಲ್ಲ. ಐದನೆಯ ಬೆಳಗ್ಗೆ ಬಿಸಿನೀರಿನ ಚೆಂಬು ತಂದು ಮೆಷಿನ್ನಿನ ಮೇಲಿಟ್ಟಳು.

“ನನಗೆ ಮೆಟ್ಟಿಲು ಇಳಿಯೋಕಾಗಲ್ಲ. ಹೋಗು, ಕೊಟ್ಟು ಬಾ.”

ಅವತ್ತಿನಿಂದ ತಂಗಿ ದಿನಕ್ಕೆ ಎರಡು ಸಲವಲ್ಲ, ನಾಲ್ಕು ಸಲ ಹಿತ್ತಲಿಗೆ ಹೋಗುತ್ತಾಳೆ. ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಅಕ್ಕನಾದರೆ ಹೆಡ್‌ಮಾಸ್ಟರ್ ಮೆಟ್ಟಿಲೇರಿ ಬಂದು ಅಂಗೈಯಿಂದಲೇ ಕಾಳು ಹೆಕ್ಕುತ್ತಾನೆ. ಇವಳು ಬಟ್ಟಲನ್ನು ನೆಲದ ಮೇಲಿಟ್ಟು ಏಳೆಂಟು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಒರಗಿ ನಿಲ್ಲಬೇಕು. ಆಮೇಲಷ್ಟೇ ಅವನು ಬಂದು ಕುಡಿಯುತ್ತಾನೆ.